ಕೃಷ್ಣೆಯ ನಡುವಣ ಕುರುವಪುರ

‘ಕುರುವ’ ಎಂದರೆ ಹಳೆಯ ಕನ್ನಡದಲ್ಲಿ ನದಿಯ ನಡುವೆ ಎದ್ದು ನಿಂತ ನೆಲ, ದ್ವೀಪ. ಇಂದು ಮಾತಿನಲ್ಲಿ ಈ ಶಬ್ದವನ್ನು ಬಳಸುವವರು ಬಲು ಕಡಮೆ. ಓದಿದವರು ನಡುಗಡ್ಡೆ ಎನ್ನುತ್ತೇವೆ. ನಮ್ಮ ಮಕ್ತಲ ಸೀಮೆಯ ಹಳ್ಳಿಗರು ಬರಿದೆ ‘ಗಡ್ಡಿ’ ಎಂದುಬಿಡುತ್ತಾರೆ. ಆದರೆ ನಾಲಿಗೆಯಿಂದ ಜಾರಿದ ಶಬ್ದವು ಊರಿನ ಹೆಸರಿನಲ್ಲಿ ಉಳಿದುಕೊಳ್ಳುವುದುಂಟು. ಕೃಷ್ಣಾ ನದಿಯ ನಡುವೆ ಇರುವ ಕುರುವಪುರ ಅಂತಹದೊಂದು ಹೆಸರು. ಮರಾಠಿಯ ‘ಗುರುಚರಿತ್ರೆ’ಯನ್ನು ಸಪ್ತಾಹವಿಟ್ಟು ಪಾರಾಯಣ ಮಾಡುವ ಸೊಲ್ಲಾಪುರದ ಗೃಹಿಣಿಯೂ, ನಾಗಪುರದ ವಕೀಲರೂ, ಅರ್ಥ ತಿಳಿಯದಿದ್ದರೂ ಈ ಕನ್ನಡ ಶಬ್ದವನ್ನು ಭಕ್ತಿಯಿಂದ ಉಚ್ಚರಿಸುತ್ತಾರೆ. ಗಡಿಯ ಕನ್ನಡಿಗರಾದ ನಮಗೆ ಇದು ಸಣ್ಣ ಸಮಾಧಾನದ ಸಂಗತಿಯೇ ಸರಿ.

ದ್ವೀಪವು ಆಡಳಿತದ ದೃಷ್ಟಿಯಿಂದ ಕರ್ನಾಟಕದ ರಾಯಚೂರು ತಾಲೂಕಿಗೆ ಸೇರಿದೆ. ಉತ್ತರದ ದಂಡೆ ನಮ್ಮದು, ಎಂದರೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮಕ್ತಲ ಮಂಡಲ. ದಕ್ಷಿಣದಿಂದ ಬರುವವರು ರಾಯಚೂರಿನಿಂದ ಆತ್ಕೂರಿಗೆ ಬಂದು ಅಲ್ಲಿಂದ ನದಿಗೆ ಇಳಿಯುತ್ತಾರೆ. ಉತ್ತರದಿಂದ ಬರುವವರು ಮಕ್ತಲಿನಿಂದ ಪಂಚದೇವಪಹಾಡಕ್ಕೆ ಬಂದು ನೀರು ದಾಟುತ್ತಾರೆ. ಎತ್ತ ಕಡೆಯಿಂದ ಬಂದರೂ ನದಿ ತಪ್ಪಿದ್ದಲ್ಲ.

ನಕಾಶೆಯನ್ನು ಬಿಡಿಸಿ ಕೃಷ್ಣೆಯ ಗುಂಟ ಬೆರಳಾಡಿಸಿದರೆ ದತ್ತ ಸಂಪ್ರದಾಯದ ಕ್ಷೇತ್ರಗಳು ಒಂದರ ಹಿಂದೊಂದು ಸಿಗುತ್ತವೆ: ಮೇಲೆ ಮಹಾರಾಷ್ಟ್ರದಲ್ಲಿ ಔದುಂಬರ, ಮತ್ತೆ ನರಸೋಬವಾಡಿ, ಕೆಳಗೆ ನಮ್ಮ ಕುರುವಪುರ. ಗಾಣಗಾಪುರ ಮಾತ್ರ ಭೀಮಾ ತೀರದಲ್ಲಿದೆ. ಆದರೆ ಆ ಭೀಮೆಯೂ ನಮ್ಮ ಕೃಷ್ಣಾ ಮಂಡಲದ ತಂಗಿಡಿಯ ಬಳಿ ಕೃಷ್ಣೆಯನ್ನು ಕೂಡಿ, ರೈಲು ಸೇತುವೆಯ ಅಡಿಯಲ್ಲಿ ಹಾದು, ದೇವಸೂಗೂರನ್ನು ದಾಟಿ, ಕೊನೆಗೆ ಕುರುವಪುರದ ಕಲ್ಲುಗಳನ್ನೇ ತೊಳೆಯುತ್ತದೆ. ಭಕ್ತರ ನಂಬುಗೆಯಲ್ಲಿ ಕಲಿಯುಗದ ಮೊದಲ ದತ್ತಾವತಾರ ಶ್ರೀಪಾದ ಶ್ರೀವಲ್ಲಭರು ಕುರುವಪುರದಲ್ಲಿ ನೆಲೆಸಿದ್ದವರು. ಎರಡನೆಯ ಅವತಾರ ನೃಸಿಂಹ ಸರಸ್ವತಿಗಳು ಗಾಣಗಾಪುರದವರು. ನೀರು ಗಾಣಗಾಪುರದಿಂದ ಕುರುವಪುರಕ್ಕೆ ಇಳಿಯುತ್ತದೆ, ಗುರುಪರಂಪರೆ ಕುರುವಪುರದಿಂದ ಗಾಣಗಾಪುರಕ್ಕೆ ಏರುತ್ತದೆ. ಭೂಗೋಳದ ಪಾಠ ಹೇಳುವಾಗ ನಾವು ಮಕ್ಕಳಿಗೆ ಈ ಮಾತನ್ನು ಹೇಳುವುದುಂಟು. ನದಿಯ ಹರಿವಿನ ದಿಕ್ಕು ಅವರಿಗೆ ಮರೆಯುವುದಿಲ್ಲ.

ಗಡಿಯ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇವೆ. 1956ಕ್ಕೆ ಮುಂಚೆ ನದಿಯ ಎರಡೂ ದಂಡೆಗಳು ಹೈದರಾಬಾದು ಸಂಸ್ಥಾನದವೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಅಂದಿನ ಮೈಸೂರಿಗೆ ಹೋಯಿತು. ಅದರೊಳಗಿನ ಗದ್ವಾಲ, ಆಲಂಪುರ ತಾಲೂಕುಗಳನ್ನು ಬಿಡಿಸಿ ಆಂಧ್ರ ಪ್ರದೇಶದ ಮಹಬೂಬನಗರಕ್ಕೆ ಕೂಡಿಸಿದರು. ಮಕ್ತಲ ಮೊದಲಿನಿಂದಲೂ ಮಹಬೂಬನಗರದ್ದೇ. ಹೀಗೆ ಮನೆಯಲ್ಲಿ ಕನ್ನಡವಾಡುವ ನಾವು ಈಚೆ ಉಳಿದೆವು, ಸೋದರಮಾವಂದಿರು ಆಚೆ ಉಳಿದರು, ನಡುವೆ ನದಿ ಗಡಿಯಾಯಿತು. 2014ರಲ್ಲಿ ತೆಲಂಗಾಣ ಬಂದಿತು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲೆಗಳಾದವು. ನದಿ ಮಾತ್ರ ತನ್ನ ಪಾಡಿಗೆ ತಾನು ಹರಿಯುತ್ತಿದೆ. ಪಂಚದೇವಪಹಾಡದಲ್ಲಿ ಹರಿಗೋಲು ಹತ್ತಿದವನು ನೀರಿನ ಯಾವ ಅಲೆಯ ಮೇಲೆ ರಾಜ್ಯ ಬದಲಾಯಿತೆಂದು ಹೇಳಲಾರ.

ಕಾರ್ತಿಕ ಮಾಸದ ಒಂದು ರವಿವಾರ ನಮ್ಮ ಶಾಲೆಯ ಉಪಾಧ್ಯಾಯರು ಮೂವರು, ಅವರಲ್ಲೊಬ್ಬರ ಮಡದಿ ಹಾಗೂ ವೃದ್ಧ ತಾಯಿ, ಹೀಗೆ ಐವರು ಕೂಡಿ ಹೊರಟೆವು. ಕೃಷ್ಣಾ ಸ್ಟೇಶನ್ನಿನಿಂದ ಹೆದ್ದಾರಿ ಹಿಡಿದು ಮಕ್ತಲಿಗೆ, ಅಲ್ಲಿಂದ ಆಟೋದಲ್ಲಿ ಪಂಚದೇವಪಹಾಡಕ್ಕೆ. ಹಾದಿಯ ಎರಡೂ ಬದಿಗೆ ಭತ್ತ ಹಣ್ಣಾಗಿತ್ತು. ಕೆಳಗಡೆ ಗದ್ವಾಲದ ಬಳಿ ಜುರಾಲಾ ಅಣೆಕಟ್ಟು 1995ರಲ್ಲಿ ಉದ್ಘಾಟನೆಯಾದ ಮೇಲೆ ಅದರ ಹಿನ್ನೀರಿನ ಅಂಚು ಈ ಭಾಗದವರೆಗೂ ಬರುತ್ತದೆ. ಬೇಸಗೆಯಲ್ಲಿ ಬರಿಯ ಬಂಡೆಗಳನ್ನು ಎಣಿಸುತ್ತ ಬಹುದೂರ ನಡೆದು ಹೋಗುತ್ತಿದ್ದ ಕಾಲವನ್ನು ವೃದ್ಧರು ನೆನೆಯುತ್ತಾರೆ. ಈಗ ನೀರು ಬಹುಕಾಲ ನಿಲ್ಲುತ್ತದೆ. ಹೊಲಗಳಿಗೆ ಅದು ವರವಾಯಿತು. ದಾಟುವವರ ಪಾಲಿಗೆ ದೋಣಿಯ ದಿನಗಳು ಹೆಚ್ಚಿದವು.

ದಂಡೆಯಲ್ಲಿ ಈಗ ಯಂತ್ರದ ದೋಣಿಗಳೂ ಉಂಟು. ಆದರೂ ಜೊತೆಯಲ್ಲಿದ್ದ ತಾಯಿಯವರು ಹರಿಗೋಲೇ ಆಗಬೇಕೆಂದು ಹಟ ಹಿಡಿದರು. ಮದುವೆಯಾದ ಹೊಸತರಲ್ಲಿ ಅತ್ತೆಯೊಡನೆ ಹಾಗೆಯೇ ದಾಟಿದ್ದರಂತೆ. ಹರಿಗೋಲು ನಮ್ಮ ನದಿಗಳ ಬಹು ಹಳೆಯ ವಾಹನ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ತಾಡಪತ್ರೆಯನ್ನೋ ಹೊದಿಸಿ ಟಾರು ಬಳಿಯುತ್ತಾರೆ. ತೆಲುಗಿನವರು ಇದನ್ನೇ ‘ಪುಟ್ಟಿ’ ಎನ್ನುತ್ತಾರೆ. 1520ರ ಸುಮಾರಿಗೆ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ತುಂಗಭದ್ರೆಯನ್ನು ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನೂ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುವುದನ್ನೂ, ಕುದುರೆ ಎತ್ತುಗಳನ್ನು ಕೂಡ ಅವುಗಳಲ್ಲಿ ಸಾಗಿಸುವುದನ್ನೂ ಬೆರಗಿನಿಂದ ಬರೆದಿಟ್ಟಿದ್ದಾನೆ. ಐದು ನೂರು ವರ್ಷಗಳಲ್ಲಿ ಬದಲಾದದ್ದು ಹೊದಿಕೆಯೊಂದೇ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಅಂಬಿಗನು ಹುಟ್ಟನ್ನು ಒಂದೇ ಕಡೆ ಹಾಕುತ್ತ, ತಿರುಗಲು ಹವಣಿಸುವ ಬುಟ್ಟಿಯನ್ನು ತಿರುಗಗೊಡದೆ ನೆಟ್ಟಗೆ ನಡೆಸಬೇಕು. ಸೆಳವಿದ್ದಲ್ಲಿ ಗುರಿಯ ದಂಡೆಯನ್ನು ನೋಡಿ ಹುಟ್ಟು ಹಾಕಿದರೆ ಫರ್ಲಾಂಗು ಕೆಳಗೆ ಹೋಗಿ ಮುಟ್ಟುತ್ತದೆ. ಆದುದರಿಂದ ಮೊದಲೇ ಮೇಲ್ಗಡೆಗೆ ಏರಿಸಿಕೊಂಡು ಬಿಡಬೇಕು. ನಮ್ಮ ಅಂಬಿಗ ಮೂವತ್ತರ ಹರೆಯದವನು. ನಮ್ಮ ಗುರುತು ಹಿಡಿದವನಂತೆ, “ಮಾಸ್ತರ್ರಾ, ನಡುವಿಗಿ ಕುಂದರ್ರಿ. ಯವ್ವಾ, ನೀ ಅಲುಗಬ್ಯಾಡ, ಕೈ ಹೊರಗ ಇಡಬ್ಯಾಡ” ಎಂದ. ನಮ್ಮೊಡನೆ ಲಾತೂರಿನ ಕಡೆಯ ದಂಪತಿಗಳು, ಆತ್ಮಕೂರಿನ ಮೂವರು ತೆಲುಗು ಹೆಂಗಸರು, ಹಾಗೂ ದ್ವೀಪದವಳೇ ಆದ ಒಬ್ಬ ಹೆಣ್ಣುಮಗಳು. ಆಕೆಯ ಬಳಿ ತುಂಬಿದ ಅಡಿಗೆ ಅನಿಲದ ಸಿಲಿಂಡರು, ಒಂದು ಚೀಲ ಅಕ್ಕಿ, ಮಗುವಿಗೆ ಔಷಧದ ಒಂದು ಶೀಸೆ. ಯಾತ್ರಿಕರೆಲ್ಲ ದೂರದ ಗುಡಿಯ ಕಡೆ ಕೈಮುಗಿದು ನೋಡುತ್ತಿದ್ದರು. ಆಕೆ ಸಿಲಿಂಡರು ಉರುಳದಂತೆ ಕಾಲು ಅಡ್ಡ ಕೊಟ್ಟು ಕುಳಿತಿದ್ದಳು. ಮರಾಠಿ, ತೆಲುಗು, ಕನ್ನಡ ಮೂರೂ ಆ ಬುಟ್ಟಿಯಲ್ಲಿ ಇದ್ದವು. ಅಂಬಿಗ ಮೂರರಲ್ಲೂ ದುಡ್ಡಿನ ಲೆಕ್ಕ ಹೇಳಬಲ್ಲವನಾಗಿದ್ದ. ತ್ರಿಭಾಷಾ ಸೂತ್ರದ ಬಗ್ಗೆ ಶಿಕ್ಷಕರ ತರಬೇತಿಯಲ್ಲಿ ನಾವು ಬರೆದ ಉದ್ದುದ್ದ ಉತ್ತರಗಳು ನೆನಪಾದವು.

ದಂಡೆಗಿಳಿದರೆ ಮೊದಲು ಕಾಣುವುದು ಕಲ್ಲು ಮರಳುಗಳ ಏರು, ಆಮೇಲೆ ಮರಗಳು, ಆಮೇಲೆ ಗುಡಿ. ದೊಡ್ಡ ಗೋಪುರವನ್ನೂ ಸಾಲುಕಂಬದ ಮಂಟಪವನ್ನೂ ನಿರೀಕ್ಷಿಸಿ ಬಂದವರಿಗೆ ನಿರಾಸೆಯಾದೀತು. ಇದು ಸಣ್ಣ ಗುಡಿ. ಗರ್ಭಗುಡಿಯಲ್ಲಿ ಶ್ರೀಪಾದರ ಪಾದುಕೆಗಳಿಗೆ ಪೂಜೆ. ಇಲ್ಲಿ ಸಮಾಧಿಯಿಲ್ಲ, ಶ್ರೀಪಾದರು ಆಶ್ವಯುಜ ಬಹುಳ ದ್ವಾದಶಿಯಂದು ಕೃಷ್ಣೆಯಲ್ಲಿ ಅದೃಶ್ಯರಾದರೆಂದು ಪರಂಪರೆ ಹೇಳುತ್ತದೆ. ಆ ದಿನವನ್ನು ಗುರುದ್ವಾದಶಿಯೆಂದು ಆಚರಿಸುತ್ತಾರೆ. ಹಾಗಾಗಿ ಈ ಕ್ಷೇತ್ರದಲ್ಲಿ ನದಿಯೇ ಅರ್ಧ ದೇವಾಲಯ. ಗುಡಿಯ ಸಮೀಪದ ದೊಡ್ಡ ಆಲದ ಮರವನ್ನು ಶ್ರೀಪಾದರು ಕುಳಿತು ಧ್ಯಾನಿಸಿದ ಮರವೆಂದು ತೋರಿಸುತ್ತಾರೆ. ಆಲದ ವಯಸ್ಸನ್ನು ಎಣಿಸುವುದು ಕಠಿಣ. ಬಿಳಲು ಬೇರಾಗಿ ಬೇರು ಬೊಡ್ಡೆಯಾಗಿ ಯಾವುದು ಮೊದಲಿನ ಮರವೆಂಬುದೇ ತಿಳಿಯದು. ನಮ್ಮ ಪಾಲಿಗೆ ಅದರ ನೆರಳೇ ಸಾಕಾಗಿತ್ತು.

ಶ್ರೀಪಾದರು ಹುಟ್ಟಿದ್ದು ಆಂಧ್ರದ ಕರಾವಳಿಯ ಕಡೆಯ ಪೀಠಾಪುರದಲ್ಲಿ, ತೆಲುಗು ಮನೆಯಲ್ಲಿ, ಗಣೇಶ ಚತುರ್ಥಿಯಂದು ಎನ್ನುತ್ತಾರೆ. ಕಾಲ ಹದಿನಾಲ್ಕನೆಯ ಶತಮಾನವೆಂಬುದು ಸಂಪ್ರದಾಯದ ಲೆಕ್ಕ. ನೆಲೆಸಿದ್ದು ಕನ್ನಡ ಹೆಸರಿನ ಈ ದ್ವೀಪದಲ್ಲಿ. ಅವರ ಕಥೆಯನ್ನು ಲೋಕಕ್ಕೆ ತಲುಪಿಸಿದ್ದು ಸರಸ್ವತಿ ಗಂಗಾಧರನ ಮರಾಠಿ ಗ್ರಂಥ. ಇವರು ಯಾರವರು ಎಂದು ಜಗಳವಾಡಹೊರಟರೆ ಮೂರು ಭಾಷೆಗಳಿಗೂ ಸಾಕ್ಷಿ ಸಿಗುತ್ತದೆ.

ಗುರುಚರಿತ್ರೆಯಲ್ಲಿ ಕುರುವಪುರದ ಕಥೆಗಳು ಹಲವು. ಅಗಸನೊಬ್ಬನ ಕಥೆ ಎಲ್ಲರಿಗೂ ತಿಳಿದದ್ದು. ದಿನವೂ ಬಟ್ಟೆ ಒಗೆಯಲು ನದಿಗೆ ಬರುವ ಅಗಸ ಗುರುವಿಗೆ ನಮಸ್ಕರಿಸುತ್ತಿದ್ದ. ಒಂದು ದಿನ ಅದೇ ನದಿಯಲ್ಲಿ ಮುಸಲ್ಮಾನ ಅರಸನೊಬ್ಬ ಸಿಂಗರಿಸಿದ ದೋಣಿಯಲ್ಲಿ ಪರಿವಾರದೊಡನೆ ವಿಹರಿಸುವುದನ್ನು ಕಂಡು, ಬದುಕೆಂದರೆ ಇದಲ್ಲವೇ ಎಂದು ಅವನ ಮನಸ್ಸು ಆಸೆಪಟ್ಟಿತು. ಗುರು ಅದನ್ನರಿತು ಮುಂದಿನ ಜನ್ಮದಲ್ಲಿ ಬೀದರದ ಅರಸನಾಗೆಂದು ಹರಸಿದರು. ಆ ಅರಸನು ಮುಂದೆ ಗಾಣಗಾಪುರದಲ್ಲಿ ನೃಸಿಂಹ ಸರಸ್ವತಿಗಳ ಬಳಿಗೆ ಬಂದನೆಂದು ಗ್ರಂಥ ಕಥೆಯನ್ನು ಮುಂದುವರಿಸುತ್ತದೆ. ಅಗಸನ ಆಸೆಯನ್ನು ಗುರು ಹಳಿಯಲಿಲ್ಲ, ನಗಲೂ ಇಲ್ಲ. ಇದು ನಮಗೆ ಬಹಳ ಹಿಡಿಸಿದ ಮಾತು.

ಉಪಾಧ್ಯಾಯರಾದ ನಾವು ಹೆಚ್ಚು ಹೊತ್ತು ನಿಂತದ್ದು ಅಂಬಿಕೆಯ ಕಥೆಯ ಬಳಿ. ಕುರುವಪುರದ ವೇದವಿದರೊಬ್ಬರ ಮಡದಿ ಅಂಬಿಕೆ. ಹುಟ್ಟಿದ ಮಕ್ಕಳು ಸತ್ತು ಒಬ್ಬನೇ ಉಳಿದ, ಅವನೂ ಮಂದಮತಿ. ತಂದೆ ಕಲಿಸಿ ಕಲಿಸಿ ಸೋತು ತೀರಿಕೊಂಡರು. ವಿದ್ವಾಂಸನ ಮಗ ದಡ್ಡನೆಂದು ಊರು ನಗತೊಡಗಿತು. ತಾಯಿ ಮಗ ಇಬ್ಬರೂ ಸಾಯಲೆಂದು ನದಿಗೆ ನಡೆದರು. ದಂಡೆಯಲ್ಲಿ ಗುರು ತಡೆದು, ಶನಿಪ್ರದೋಷದ ವ್ರತವನ್ನು ಹೇಳಿ, ಹುಡುಗನ ತಲೆಯ ಮೇಲೆ ಕೈಯಿಟ್ಟರು, ಅವನು ಪಂಡಿತನಾದನು. ಪವಾಡದ ಭಾಗವನ್ನು ಭಕ್ತರು ಓದಿಕೊಳ್ಳಲಿ. ನಮ್ಮನ್ನು ಕಾಡುವುದು ಅದರ ಮೊದಲಿನ ಭಾಗ. ಊರು ಒಂದು ಮಗುವನ್ನು ದಡ್ಡನೆಂದು ಕರೆದದ್ದಕ್ಕೆ ಒಬ್ಬ ತಾಯಿ ಜೀವ ಬಿಡಲು ಹೊರಟಳು. ಗಡಿಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವರಿಗೆ ಇದು ಬರಿಯ ಪುರಾಣವೆನಿಸದು. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತೆಲುಗು, ಮುಂದೆ ಇಂಗ್ಲಿಷು ಎಂದು ಸಿಕ್ಕಿಕೊಂಡ ಮಗು ಬಾಯಿ ತೆರೆಯದೆ ಕುಳಿತರೆ ಅದಕ್ಕೆ ಬುದ್ಧಿಯಿಲ್ಲವೆಂದು ಬರೆದುಬಿಡುವವರನ್ನು ನಾವು ಕಂಡಿದ್ದೇವೆ. ಅದೇ ಮಗು ಕನ್ನಡ ಮಾಧ್ಯಮದ ಶಾಲೆಗೆ ಬಂದು ಒಂದು ವರ್ಷದೊಳಗೆ ಲೆಕ್ಕದಲ್ಲಿ ಮೊದಲನೆಯದಾದದ್ದನ್ನೂ ಕಂಡಿದ್ದೇವೆ. ತಲೆಯ ಮೇಲೆ ಕೈಯಿಡುವ ಕೆಲಸ ನಮ್ಮ ವೃತ್ತಿಗೂ ಸೇರಿದ್ದು. ಜೊತೆಗಿದ್ದ ಕಿರಿಯ ಉಪಾಧ್ಯಾಯರು ಈ ಮಾತಿಗೆ ಏನೂ ಹೇಳಲಿಲ್ಲ. ಆಲದ ಬುಡದಲ್ಲಿ ಬಹಳ ಹೊತ್ತು ಕುಳಿತರು.

ಇಪ್ಪತ್ತನೆಯ ಶತಮಾನದಲ್ಲಿ ಈ ದ್ವೀಪವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಟೇಂಬೆ ಸ್ವಾಮಿಗಳೆಂದು ಹೆಸರಾದ ವಾಸುದೇವಾನಂದ ಸರಸ್ವತಿಗಳು ಮುಖ್ಯರು. ಕೊಂಕಣದ ಮಾಣಗಾವಿನಲ್ಲಿ 1854ರಲ್ಲಿ ಹುಟ್ಟಿದ ಇವರು ಸಂನ್ಯಾಸ ಪಡೆದ ಮೇಲೆ ದೇಶವನ್ನು ಕಾಲ್ನಡಿಗೆಯಲ್ಲೇ ಸುತ್ತಿದವರು. 1911ರ ಚಾತುರ್ಮಾಸ್ಯವನ್ನು ಕುರುವಪುರದಲ್ಲಿ ಕಳೆದರು. ದತ್ತಭಕ್ತರು ಸಂಕಟಕಾಲದಲ್ಲಿ ಪಠಿಸುವ ‘ಘೋರಕಷ್ಟೋದ್ಧಾರಣ ಸ್ತೋತ್ರ’ ಅವರು ಇಲ್ಲಿದ್ದಾಗ ರಚಿಸಿದ್ದು. ಅವರು ಧ್ಯಾನಕ್ಕೆ ಕೂಡುತ್ತಿದ್ದ ಗವಿಯನ್ನು ತೋರಿಸುತ್ತಾರೆ. ಚಾತುರ್ಮಾಸ್ಯವೆಂದರೆ ಮಳೆಗಾಲದ ತಿಂಗಳುಗಳು. ಆ ತಿಂಗಳುಗಳಲ್ಲಿ ಕೃಷ್ಣೆ ಹೇಗಿರುತ್ತಾಳೆಂದು ನಾವು ದಂಡೆಯವರು ಬಲ್ಲೆವು. 1911ರಲ್ಲಿ ಮೇಲ್ಗಡೆ ಆಲಮಟ್ಟಿಯೂ ಇರಲಿಲ್ಲ, ನಾರಾಯಣಪುರವೂ ಇರಲಿಲ್ಲ; ಮಹಾಬಳೇಶ್ವರದ ಮಳೆ ನೇರವಾಗಿ ಇಲ್ಲಿಗೇ ಬರುತ್ತಿತ್ತು. ಅಂಥಲ್ಲಿ ಒಬ್ಬ ಸಂನ್ಯಾಸಿ ಸ್ತೋತ್ರ ಬರೆದುಕೊಂಡು ಇರಬೇಕಾದರೆ ಅವರ ಭಿಕ್ಷೆಗೆ ಹಿಟ್ಟು ಹೊಂದಿಸಿಕೊಟ್ಟ ಮನೆಗಳೂ ದ್ವೀಪದಲ್ಲಿ ಇದ್ದೇ ಇರಬೇಕು. ಆ ಮನೆಗಳ ಹೆಸರನ್ನು ಯಾರು ಬರೆದಿಟ್ಟಾರು?

ಇಲ್ಲಿ ಸ್ವಲ್ಪ ದೂರದ ಮಾತೊಂದನ್ನು ಹೇಳಲು ವಾಚಕರು ಅವಕಾಶ ಕೊಡಬೇಕು. ನಮ್ಮ ಬಾಲ್ಯದಲ್ಲಿ ಸೋವಿಯತ್ ದೇಶದಿಂದ ನುಣುಪು ಕಾಗದದ ಬಣ್ಣಬಣ್ಣದ ಪತ್ರಿಕೆಗಳು ಬರುತ್ತಿದ್ದವು. ಓದಿದವರಿಗಿಂತ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಿದವರೇ ಹೆಚ್ಚು. ನಮ್ಮ ಗಣಿತದ ಪುಸ್ತಕದ ಮೇಲೆ ಒಂದು ವರ್ಷವಿಡೀ ಇದ್ದ ಚಿತ್ರ ಕಿಜಿ ಎಂಬ ದ್ವೀಪದ ಮರದ ಇಗರ್ಜಿಯದು. ಅದು ರಷ್ಯದ ಉತ್ತರ ಭಾಗದ ಕರೇಲಿಯದಲ್ಲಿ, ಓನೆಗಾ ಎಂಬ ಮಹಾಸರೋವರದೊಳಗೆ ಇದೆ. 1714ರಲ್ಲಿ ಕಟ್ಟಿದ ಆ ಇಗರ್ಜಿಗೆ ಇಪ್ಪತ್ತೆರಡು ಗುಮ್ಮಟ. ಎತ್ತರ 37 ಮೀಟರು. ಗೋಡೆಗಳೆಲ್ಲ ದೇವದಾರು ಜಾತಿಯ ತೊಲೆಗಳನ್ನು ಕೊಡಲಿಯಿಂದ ಕಚ್ಚು ಕೊಟ್ಟು ಒಂದರ ಮೇಲೊಂದು ಕೂಡಿಸಿದವು. ಮೊಳೆಯೇ ಇಲ್ಲವೆಂದು ಜನ ಹೇಳುತ್ತಾರೆ. ತೊಲೆಗಳ ಮಟ್ಟಿಗೆ ಅದು ನಿಜ, ಗುಮ್ಮಟದ ಮೇಲೆ ಹೊದಿಸಿದ ಹಲಗೆಯ ಚೂರುಗಳಿಗೆ ಮೊಳೆಯುಂಟು. ಕಟ್ಟಿದ ಬಡಗಿ ಕೆಲಸ ಮುಗಿಸಿ ಕೊಡಲಿಯನ್ನು ಸರೋವರಕ್ಕೆ ಎಸೆದನೆಂದು ಕಥೆ. ಅದು ಬೇಸಗೆಯ ಇಗರ್ಜಿ. ಮಗ್ಗುಲಿಗೆ ಚಳಿಗಾಲಕ್ಕೆಂದು ಒಂಬತ್ತು ಗುಮ್ಮಟದ ಇನ್ನೊಂದು. ಸುತ್ತಲಿನ ಹಳ್ಳಿಗಳವರು ದೋಣಿ ಕಟ್ಟಿಕೊಂಡು ಪ್ರಾರ್ಥನೆಗೆ ಬರುತ್ತಿದ್ದರು. 1966ರಲ್ಲಿ ದ್ವೀಪವನ್ನು ವಸ್ತುಸಂಗ್ರಹಾಲಯವಾಗಿ ಮಾಡಿದರು; 1990ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತೊಲೆಗಳು ಕೊಳೆತು ಕಟ್ಟಡ ವಾಲಿದಾಗ ಒಳಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿದರು; ಮುಂದೆ ಒಂದೊಂದೇ ಅಂತಸ್ತನ್ನು ಮೇಲೆತ್ತಿ, ಕೆಟ್ಟ ತೊಲೆಗಳನ್ನಷ್ಟೇ ಬದಲಿಸಿ, ಗಟ್ಟಿಯಿದ್ದವನ್ನು ಮತ್ತೆ ಅದೇ ಸ್ಥಾನದಲ್ಲಿ ಕೂಡಿಸಿ, ಹತ್ತು ವರ್ಷಕ್ಕೂ ಮಿಕ್ಕಿ ದುಡಿದು 2020ರಲ್ಲಿ ಜೀರ್ಣೋದ್ಧಾರವನ್ನು ಮುಗಿಸಿದರು. ಕೈಕೆಲಸಕ್ಕೆ ಅದಕ್ಕಿಂತ ಹೆಚ್ಚಿನ ಗೌರವ ಉಂಟೇ? ಆದರೆ ಅಲ್ಲಿಗೆ ದೋಣಿಯಲ್ಲಿ ಬರುತ್ತಿದ್ದ ಹಳ್ಳಿಗಳು ಬಹುಮಟ್ಟಿಗೆ ಬರಿದಾಗಿವೆ. ದ್ವೀಪದಲ್ಲಿ ಈಗ ನೆಲೆಸಿರುವವರು ಕೆಲವೇ ಮಂದಿ. ಬೇಸಗೆಯ ಹಡಗಿನಲ್ಲಿ ಬರುವವರು ಪ್ರವಾಸಿಗಳು. ಕಟ್ಟಡ ಉಳಿಯಿತು, ಊರು ಕರಗಿತು.

ನಮ್ಮ ಕುರುವಪುರದ ಲೆಕ್ಕ ತಿರುವುಮುರುವು. ಇಲ್ಲಿ ಜಗತ್ತು ಬಂದು ನೋಡುವ ಕಟ್ಟಡವಿಲ್ಲ. ಊರಿದೆ. ಪಂಪುಸೆಟ್ಟಿನಿಂದ ನೀರೆತ್ತಿ ಭತ್ತ ಬೆಳೆಯುವ, ಎಮ್ಮೆ ಸಾಕುವ, ಬಲೆ ಬೀಸುವ, ಹರಿಗೋಲು ನಡೆಸುವ ಮನೆಗಳಿವೆ. ಕುರುವಪುರವೊಂದೇ ಏನು, ಕುರ್ವಕಲ, ಕುರ್ವಕುರ್ದ ಮೊದಲಾದ ನಡುಗಡ್ಡೆಗಳದೂ ಇದೇ ಬದುಕು. ಕೆಳಗೆ ಗದ್ವಾಲದ ಹತ್ತಿರ ಗುರ್ರಂಗಡ್ಡದವರದೂ ಇದೇ. ಯಾತ್ರಿಕರು ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತಾರೆ. ಆಷಾಢದ ಹೊಳೆ ಏರಿದಾಗ ಬರುವುದೇ ಇಲ್ಲ. ಆಗಲೂ ಗುಡಿಯಲ್ಲಿ ದೀಪ ಉರಿಯುತ್ತದೆಯೆಂದರೆ ಅದಕ್ಕೆ ಎಣ್ಣೆಯನ್ನು ನೀರಿನ ಮೇಲೆ ತಂದವರಿದ್ದಾರೆ ಎಂದರ್ಥ. 2009ರ ಅಕ್ಟೋಬರಿನ ಮಹಾಪೂರವನ್ನೂ, 2019ರ ಆಗಸ್ಟಿನ ಪ್ರವಾಹವನ್ನೂ ಈ ಭಾಗದವರು ಮರೆತಿಲ್ಲ. ಹೊರಗೆ ಬನ್ನಿರೆಂದು ಅಧಿಕಾರಿಗಳು ಕರೆಯುತ್ತಾರೆ. ದನಕರುಗಳನ್ನು ಬುಟ್ಟಿದೋಣಿಯಲ್ಲಿ ಎಷ್ಟೆಂದು ಸಾಗಿಸುವುದು? ಅವನ್ನು ಬಿಟ್ಟು ಬರಲೊಲ್ಲದವರು ಅಲ್ಲಿಯೇ ಉಳಿಯುತ್ತಾರೆ.

2020ರ ಆಗಸ್ಟ್ ತಿಂಗಳಲ್ಲಿ ನೆರೆಯ ನಡುಗಡ್ಡೆಯೊಂದರ ಜನ ನಮ್ಮ ಪಂಚದೇವಪಹಾಡದ ಕಡೆ ಬಂದು ಮನೆಗೆ ಬೇಕಾದ ದಿನಸಿ ಕೊಂಡು ಮರಳುವಾಗ ಹರಿಗೋಲು ಮಗುಚಿತು. ನಾಲ್ವರು ನೀರಿನಲ್ಲಿ ಕಾಣೆಯಾದರು. ಅವರು ಹೊರಟದ್ದು ಯಾತ್ರೆಗೆ ಅಲ್ಲ, ಅಂಗಡಿಗೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸೇತುವೆಯ ಪ್ರಶ್ನೆಯನ್ನು ಯೋಚಿಸಬೇಕೆಂದು ನಮಗೆ ತೋರುತ್ತದೆ. ನಡುಗಡ್ಡೆಗಳಿಗೆ ಸೇತುವೆ ಬೇಕೆಂಬ ಬೇಡಿಕೆ ಬಹು ವರ್ಷಗಳದು. ಆಲದ ಕೆಳಗೆ ಕುಳಿತಿದ್ದಾಗ ಲಾತೂರಿನ ಯಜಮಾನರು, ಸೇತುವೆಯಾದರೆ ಕ್ಷೇತ್ರದ ಏಕಾಂತ ಹೋಗುತ್ತದೆ, ಕಾರುಗಳು ಬರುತ್ತವೆ, ಹೋಟೆಲುಗಳು ಬರುತ್ತವೆ, ದಯವಿಟ್ಟು ಇದು ಹೀಗೆಯೇ ಇರಲಿ ಎಂದು ಬಹಳ ಪ್ರಾಮಾಣಿಕವಾಗಿ ಹೇಳಿದರು. ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಗಾಣಗಾಪುರದ ಇಂದಿನ ಗದ್ದಲವನ್ನು ಕಂಡವರಿಗೆ ಅದು ಅರ್ಥವಾಗುತ್ತದೆ. ಅಂಬಿಗನು ಹತ್ತಿರವೇ ಬೀಡಿ ಸೇದುತ್ತ ಕುಳಿತಿದ್ದವನು ನಮ್ಮ ಕಡೆ ತಿರುಗಿ ಕನ್ನಡದಲ್ಲಿ, “ಅವ್ರಿಗಿ ಏನ್ರಿ ಮಾಸ್ತರ್ರಾ, ನಾಳಿ ಊರಿಗಿ ಹೋಗ್ತಾರ. ನಮ್ಮವ್ವ ಹೊಟ್ಟಿನೋವು ಅಂದ್ರ ನಡುರಾತ್ರ್ಯಾಗ ನಾ ಹುಟ್ಟು ಹಿಡೀಬೇಕು” ಎಂದ.

“ಸೇತುವಿ ಆದ್ರ ನಿನ್ನ ಹರಿಗೋಲಿನ ಗತಿ ಏನಪ್ಪಾ?” ಎಂದು ತಾಯಿಯವರು ಕೇಳಿದರು.

“ಮೀನ ಹಿಡೀತೀನಿ ಬಿಡವ್ವ,” ಎಂದು ನಕ್ಕ. “ಮಗಳು ಎಂಟನೇದಕ್ಕ ಬಂದಾಳ. ಹೊಳಿ ಬಂತಂದ್ರ ತಿಂಗಳಾನಗಟ್ಟಲೆ ಸಾಲಿ ತಪ್ಪತೈತಿ.”

ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗೈರುಹಾಜರಿ ಗುರುತುಗಳನ್ನು ವರ್ಷಗಟ್ಟಲೆ ಹಾಕಿದವರು ನಾವು. ಅದರ ಹಿಂದೆ ಒಂದು ನದಿ ಇರಬಹುದೆಂದು ಪ್ರತಿ ಸಲ ನೆನೆಯುತ್ತಿದ್ದೆವೆಂದು ಹೇಳಲಾರೆವು. ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಸೇತುವೆ ಆಗಲೇಬೇಕು. ಏಕಾಂತವನ್ನು ಬಯಸುವವರಿಗೆ ಸೇತುವೆಯ ಈಚೆಗೇ ಗಾಡಿ ನಿಲ್ಲಿಸಿ ನಡೆದು ಹೋಗುವ ನಿಯಮವನ್ನು ಮಾಡಬಹುದು. ಮಕ್ಕಳ ಜೀವವನ್ನು ಏಕಾಂತಕ್ಕೆ ಬೆಲೆಯಾಗಿ ಕೊಡಲಾಗದು. ನದಿಗೆ ನಡೆದ ಅಂಬಿಕೆಯನ್ನು ದಂಡೆಯಲ್ಲಿ ತಡೆದ ಗುರುವಿನ ಕ್ಷೇತ್ರ ಇದು ಎಂಬುದನ್ನು ಭಕ್ತರಿಗೆ ನೆನಪಿಸಿದರೆ ಅವರೂ ಒಪ್ಪುವರೆಂದು ನಮಗೆ ಭರವಸೆಯಿದೆ.

ಮಧ್ಯಾಹ್ನ ಪ್ರಸಾದವಾಯಿತು. ಅನ್ನ, ಸಾರು, ಒಂದು ಪಲ್ಯ. ಮರಾಠಿಯಲ್ಲಿ ಆರತಿ, ತೆಲುಗಿನಲ್ಲಿ ಉಪಚಾರ, ಕನ್ನಡದಲ್ಲಿ ಬಡಿಸುವವರ ಗದರಿಕೆ. ತಾಯಿಯವರಿಗೆ ತಾವು ಹಿಂದೆ ಅತ್ತೆಯೊಡನೆ ಕುಳಿತಿದ್ದ ಕಲ್ಲು ಸಿಗಲಿಲ್ಲ. ಸಿಕ್ಕ ಇನ್ನೊಂದು ಕಲ್ಲಿನ ಮೇಲೆ ಕುಳಿತು, ಇದೇ ಇರಬೇಕು ಎಂದರು. ನಾವು ಯಾರೂ ಎದುರಾಡಲಿಲ್ಲ.

ಹೋಗಬಯಸುವ ವಾಚಕರಿಗೆ ಕೆಲವು ಮಾತು. ದೀಪಾವಳಿಯಿಂದ ಮಾಘದವರೆಗೆ ಹೊಳೆ ಶಾಂತವಾಗಿರುತ್ತದೆ. ಮಳೆಗಾಲದಲ್ಲಿ, ಮೇಲಿನ ಜಲಾಶಯಗಳಿಂದ ನೀರು ಬಿಟ್ಟ ಸುದ್ದಿಯಿದ್ದಾಗ, ಎಷ್ಟೇ ಭಕ್ತಿಯಿದ್ದರೂ ಹೊರಡಬೇಡಿ. ದೋಣಿಯಲ್ಲಿ ತೇಲುವ ಅಂಗಿ ಇದೆಯೇ ಎಂದು ಮೊದಲೇ ಕೇಳಿ. ಹೆಚ್ಚು ಜನ ಹತ್ತುತ್ತಿದ್ದರೆ ಮುಂದಿನ ಸರತಿಗೆ ನಿಲ್ಲಿ. ಈ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ. ಅಂಬಿಗರು ತೋರಿಸಿದ ಕಡೆಯಲ್ಲದೆ ಬೇರೆಲ್ಲೂ ನೀರಿಗೆ ಇಳಿಯಬಾರದು. ಉತ್ತರದ ದಂಡೆಯಿಂದ ಹೋದವರು ಸಮಯವಿದ್ದರೆ ನಮ್ಮ ಕೃಷ್ಣಾ ಮಂಡಲದ ಮುಡುಮಾಲಕ್ಕೂ ಬರಬೇಕು. ಅಲ್ಲಿನ ಬೃಹತ್ ಶಿಲಾಯುಗದ ನಿಲುಗಲ್ಲುಗಳು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು, ನದಿಯ ಹತ್ತಿರದಲ್ಲೇ ಇವೆ. ಕುರುವಪುರದಲ್ಲಿ ದೊಡ್ಡ ಅಂಗಡಿಗಳಿಲ್ಲ. ತೆಂಗಿನಕಾಯಿ ಹೂವುಗಳ ಜೊತೆಗೆ ಎರಡು ಡಜನ್ ನೋಟುಬುಕ್ಕು, ಪೆನ್ಸಿಲು ಕೊಂಡೊಯ್ದರೆ ಅಂಬಿಗರ ಮನೆಗಳ ಮಕ್ಕಳಿಗೆ ಕೊಡಬಹುದು. ಅಲ್ಲಿನ ಶಾಲೆಯ ಓದು ಕನ್ನಡದಲ್ಲಿ. ಪುಸ್ತಕ ಒಯ್ಯುವವರು ಕನ್ನಡದವನ್ನೇ ಒಯ್ಯಬೇಕು.